ಒಂದು ಕರುಳು, ಮೂರು ಕಂತು

ಗಂಗಾವತಿ ಪಕ್ಕದ ನಮ್ಮ ಶ್ರೀರಾಮನಗರದಲ್ಲಿ ಹೊಟ್ಟೆನೋವು ಅಂದ್ರೆ ಒಂದೋ ಗ್ಯಾಸು, ಇಲ್ಲಾಂದ್ರೆ ಅಪೆಂಡಿಕ್ಸು. ಮೂರನೇ ಹೆಸರು ನಾನು ಮೊದಲು ನೋಡಿದ್ದು ಸಂಬಂಧಿಕರೊಬ್ಬರ ಸ್ಕ್ಯಾನ್ ರಿಪೋರ್ಟಿನಲ್ಲಿ: ಡೈವರ್ಟಿಕ್ಯುಲೈಟಿಸ್. ದೊಡ್ಡ ಕರುಳಿನ ಗೋಡೆ ದುರ್ಬಲವಾದ ಕಡೆ ಹೊರಕ್ಕೆ ಉಬ್ಬಿ ಪುಟ್ಟ ಸಂಚಿಗಳಾಗುತ್ತವೆ. ಅವು ಬಾತುಕೊಂಡರೆ ಈ ಕಾಯಿಲೆ. ಒಡೆದರೆ ಜೀವಕ್ಕೇ ಅಪಾಯ.

ಇದರ ಆಪರೇಶನ್ನಿನ ಚರಿತ್ರೆ ಓದುತ್ತಾ ಹೋದೆ. 1907ರಲ್ಲಿ ಅಮೆರಿಕದ ವಿಲಿಯಂ ಮೇಯೋ ಮತ್ತು ಸಂಗಡಿಗರು ಕೆಟ್ಟ ಭಾಗ ಕತ್ತರಿಸಿ ತೆಗೆದದ್ದನ್ನು ವರದಿ ಮಾಡಿದರು. ಆಗಿನ್ನೂ ಆಂಟಿಬಯೋಟಿಕ್ ಇಲ್ಲ ನೋಡಿ. ಕೀವು ತುಂಬಿದ ಹೊಟ್ಟೆಯಲ್ಲಿ ಕರುಳು ಜೋಡಿಸಿದರೆ ಹೊಲಿಗೆ ನಿಲ್ಲೋದಿಲ್ಲ ಅನ್ನೋ ಹೆದರಿಕೆ. ಅದಕ್ಕೇ ಮೂರು ಕಂತು. ಮೊದಲು ಕೀವು ಹೊರಗೆ ಬಿಟ್ಟು, ಮಲಕ್ಕೆ ಹೊಟ್ಟೆ ಮೇಲೊಂದು ದಾರಿ ಮಾಡೋದು. ತಿಂಗಳುಗಳಾದ ಮೇಲೆ ಕೆಟ್ಟ ಕರುಳು ತೆಗೆಯೋದು. ಕೊನೆಗೆ ಆ ದಾರಿ ಮುಚ್ಚೋದು. ಕೆಟ್ಟ ಭಾಗ ಅಷ್ಟು ದಿನ ಒಳಗೇ ಇರುತ್ತಿತ್ತಲ್ಲ... ಎಷ್ಟೋ ಜನ ಮೂರನೇ ಕಂತಿನವರೆಗೆ ಬರಲೇ ಇಲ್ಲ.

1921ರಲ್ಲಿ ಫ್ರಾನ್ಸಿನ ಹೆನ್ರಿ ಹಾರ್ಟ್‌ಮನ್ ಇನ್ನೊಂದು ವಿಧಾನ ಹೇಳಿದರು, ಅದೂ ಕ್ಯಾನ್ಸರಿಗೆ! ಕೆಟ್ಟ ಭಾಗ ಮೊದಲೇ ತೆಗೆದು, ಕೆಳಗಿನ ತುದಿ ಹೊಲಿದು, ಮೇಲಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಚೀಲ ಅಂಟಿಸೋದು. ದಶಕಗಳ ನಂತರ ಒಡೆದ ಕರುಳಿಗೂ ಇದೇ ರೂಢಿಯಾಯ್ತು. ಜೀವ ಉಳೀತು, ನಿಜ. ಆದರೆ ಮತ್ತೆ ಜೋಡಿಸೋ ಆಪರೇಶನ್ ಸಣ್ಣದಲ್ಲ, ಅನೇಕರಿಗೆ 'ತಾತ್ಕಾಲಿಕ' ಚೀಲವೇ ಶಾಶ್ವತವಾಯ್ತು. ನಮ್ಮೂರಲ್ಲಿ ಭತ್ತ ನಾಟಿಗೆ ಬಗ್ಗಿ ನಿಲ್ಲೋರು, ರೈಸ್ ಮಿಲ್ಲಿನಲ್ಲಿ ಮೂಟೆ ಹೊರೋ ಹಮಾಲರು ಅದನ್ನು ಕಟ್ಟಿಕೊಂಡು ಹೇಗೆ ದುಡೀಬೇಕು? ಭಾರ ಎತ್ತಿದರೆ ಚೀಲದ ಪಕ್ಕದಲ್ಲೇ ಹರ್ನಿಯಾ ಆಗೋ ಭಯ ಬೇರೆ.

1978ರಲ್ಲಿ ಹಿಂಚೆ ಅನ್ನೋರು ಕಾಯಿಲೆಯ ತೀವ್ರತೆಯನ್ನು ನಾಲ್ಕು ಹಂತ ಮಾಡಿದರು. ಸಿಟಿ ಸ್ಕ್ಯಾನ್ ಬಂದ ಮೇಲೆ ಎಷ್ಟೋ ಕಡೆ ಕೀವನ್ನು ಕೊಳವೆ ಹಾಕಿಯೇ ತೆಗೆಯೋ ಹಾಗಾಯ್ತು. ಎರಡು ಸಲ ಬಂದರೆ ಆಪರೇಶನ್ ಅಂತ ಅಮೆರಿಕದ ಸರ್ಜನ್ನರು 2000ದಲ್ಲಿ ಹೇಳಿದ್ದರು. ಆಮೇಲೆ ಆ ಲೆಕ್ಕವನ್ನೇ ಕೈಬಿಟ್ಟರು. ಲ್ಯಾಪ್ರೋಸ್ಕೋಪಿಯಲ್ಲಿ ಬರೀ ತೊಳೆದು ಬಿಡೋ ಉಪಾಯವೂ ಬಂತು, 2015ರ ಪರೀಕ್ಷೆಗಳಲ್ಲಿ ಅದು ಅಷ್ಟೇನೂ ನಿಲ್ಲಲಿಲ್ಲ.

ನನಗೆ ಮುಖ್ಯ ಅನ್ನಿಸಿದ್ದು 2019ರಲ್ಲಿ ಪ್ರಕಟವಾದ ಲೇಡೀಸ್ ಅನ್ನೋ ಯುರೋಪಿನ ಪರೀಕ್ಷೆ. ಕರುಳು ಒಡೆದಿದ್ದರೂ ರಕ್ತದೊತ್ತಡ ಕುಸಿಯದವರಲ್ಲಿ, ಮೊದಲ ಆಪರೇಶನ್ನಿನಲ್ಲೇ ಕರುಳು ಜೋಡಿಸಿದವರ ಪೈಕಿ ಸುಮಾರು 95% ಜನ ವರ್ಷದೊಳಗೆ ಚೀಲವಿಲ್ಲದೆ ಬದುಕಿದ್ದರು. ಹಾರ್ಟ್‌ಮನ್ ವಿಧಾನದಲ್ಲಿ ಸುಮಾರು 72%. ರಕ್ತದೊತ್ತಡ ಕುಸಿದು ಅರ್ಧರಾತ್ರಿ ಬಂದವರಿಗೆ ಮಾತ್ರ ಈಗಲೂ ಹಲವೆಡೆ ಹಾರ್ಟ್‌ಮನ್ನೇ ಗತಿ.