ಎಂ13/40 ಟ್ಯಾಂಕಿನ ಮಾದರಿ ಕಿಟ್

ಎರಡನೇ ಮಹಾಯುದ್ಧದ ಇಟಲಿಯ ಮಧ್ಯಮ ಟ್ಯಾಂಕನ್ನು 1/35 ಪ್ರಮಾಣಕ್ಕೆ ಇಳಿಸಿದ, ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ ಜೋಡಿಸುವ ಕಿಟ್. ಜಪಾನಿನ ತಮಿಯಾ ಸಂಸ್ಥೆಯ ಕಿಟ್ ಇವುಗಳಲ್ಲಿ ಹೆಸರಾದದ್ದು. ಸುಮಾರು 14 ಟನ್ ತೂಕದ, ನಾಲ್ವರು ಸೈನಿಕರು ಕೂರುತ್ತಿದ್ದ, 47 ಮಿ.ಮೀ. ತೋಪಿನ ಈ ವಾಹನ ಕಿಟ್‌ನಲ್ಲಿ 14 ಸೆಂಟಿಮೀಟರ್ ಉದ್ದಕ್ಕೆ ಇಳಿಯುತ್ತದೆ. ಇದನ್ನು ಬರೀ ಆಟಿಕೆ ಎನ್ನುವುದು ಸರಿಯಲ್ಲ. ಟ್ಯಾಂಕಿನ ಮೈತುಂಬ ಎದ್ದು ಕಾಣುವ ರಿವೆಟ್ ತಲೆಗಳನ್ನೇ ನೋಡಬೇಕು: ಉಕ್ಕಿನ ಹಲಗೆಗಳನ್ನು ಬೆಸೆಯುವ ಬದಲು ಚೌಕಟ್ಟಿಗೆ ರಿವೆಟ್ ಮತ್ತು ಬೋಲ್ಟ್‌ಗಳಿಂದ ಬಿಗಿದಿದ್ದರು. ಗುಂಡು ತಾಗಿದರೆ ಅವೇ ಕಿತ್ತು ಒಳಗಿದ್ದವರತ್ತ ಸಿಡಿಯುವ ಅಪಾಯವಿತ್ತು. ಇಟಲಿಯ ಅಂದಿನ ಕೈಗಾರಿಕೆಯ ಮಿತಿಯನ್ನು ಜೋಡಿಸುವವನ ಬೆರಳು ಇಲ್ಲಿ ನೇರವಾಗಿ ಮುಟ್ಟುತ್ತದೆ. ಛಾಯಾಚಿತ್ರ ಇಷ್ಟು ಕೊಡಲಾರದು.

ಪ್ಲಾಸ್ಟಿಕ್ಕಿನ ದಪ್ಪ ನಿಜವಾದ ಕವಚದ ಅಳತೆಯಲ್ಲವೆಂಬ ಆಕ್ಷೇಪ ನ್ಯಾಯವಾದದ್ದೇ. ಒಡಲಿನ ಮುಂಭಾಗದ 30 ಮಿ.ಮೀ. ಉಕ್ಕು ಈ ಪ್ರಮಾಣದಲ್ಲಿ ಒಂದು ಮಿ.ಮೀ.ಗಿಂತ ತೆಳು, ಅಚ್ಚಿನಲ್ಲಿ ಅಷ್ಟು ತೆಳುವಾಗಿ ಎರೆಯುವುದು ಕಷ್ಟ. ಆದರೆ ಸಾಕ್ಷ್ಯವಿರುವುದು ದಪ್ಪದಲ್ಲಲ್ಲ, ಜೋಡಣೆಯ ರೀತಿಯಲ್ಲಿ. ಇಂಥ ಕಿಟ್ ಫ್ಯಾಸಿಸ್ಟ್ ಸೇನೆಯನ್ನು ವೈಭವೀಕರಿಸುತ್ತದೆ ಎಂಬ ಮಾತು ಇನ್ನೂ ಗಂಭೀರವಾದದ್ದು. ಬಣ್ಣ, ಗುರುತುಗಳನ್ನಷ್ಟೇ ಮೆಚ್ಚಿ ನಿಂತರೆ ಆ ಅಪಾಯ ನಿಜವೇ. ಆದರೆ ಈ ಟ್ಯಾಂಕಿನ ಚರಿತ್ರೆಯಲ್ಲಿ ವೈಭವಕ್ಕೆ ಎಡೆ ಕಡಿಮೆ. 1941ರ ಫೆಬ್ರುವರಿಯಲ್ಲಿ ಲಿಬಿಯಾದ ಬೇಡಾ ಫೊಮ್‌ನಲ್ಲಿ ಇಂಥ ಹಲವು ಟ್ಯಾಂಕುಗಳು ಬ್ರಿಟಿಷರ ಕೈಸೇರಿದವು. ಅದೇ ದೇಶದ ಟೊಬ್ರುಕ್‌ನಲ್ಲಿ, ವಶಪಡಿಸಿಕೊಂಡ ಇಂಥ ಟ್ಯಾಂಕುಗಳ ಮೇಲೆ ಆಸ್ಟ್ರೇಲಿಯಾದ ಸೈನಿಕರು, ತಮ್ಮವರೇ ಗುಂಡು ಹಾರಿಸದಿರಲೆಂದು, ದೊಡ್ಡ ಬಿಳಿ ಕಾಂಗರೂ ಬರೆದು ಓಡಿಸಿದರು.