ಸೆರೆಮನೆಯ ಸೂಜಿ

ಸೂಜಿಗೆ ದಾರ ಪೋಣಿಸಿ ಕುಳಿತ ಹೆಂಗಸನ್ನು ಕಂಡು ಯಾವ ರಾಜ್ಯವೂ ಹೆದರುವುದಿಲ್ಲ. ಲೇಖನಿ ಹಿಡಿದವರ ಮೇಲೆ ಕಾವಲಿಡುವ ಸರಕಾರಗಳು ಸೂಜಿ ಹಿಡಿದವರನ್ನು ಅವರ ಪಾಡಿಗೆ ಬಿಟ್ಟುಬಿಡುತ್ತವೆ. ಈ ಉದಾಸೀನದ ಲಾಭವನ್ನು ಚೆನ್ನಾಗಿ ಅರಿತವಳು ಸ್ಕಾಟ್ಲೆಂಡಿನ ರಾಣಿ ಮೇರಿ.

ಮೇರಿ ಹುಟ್ಟಿದ್ದು 1542ರಲ್ಲಿ. ಆರು ದಿನದ ಕೂಸಾಗಿರುವಾಗಲೇ ತಂದೆ ತೀರಿಕೊಂಡು ಪಟ್ಟ ಆಕೆಯದಾಯಿತು. ಬೆಳೆದದ್ದು ಫ್ರಾನ್ಸಿನ ಅರಮನೆಯಲ್ಲಿ. ದೊಡ್ಡ ಮನೆತನದ ಕನ್ಯೆಯರಿಗೆ ಶೋಭಿಸುವ ಸೂಜಿಕೆಲಸವನ್ನು ಕಲಿತದ್ದೂ ಅಲ್ಲಿಯೇ. ಸ್ವದೇಶಕ್ಕೆ ಮರಳಿ ಆಳಿದ್ದು ಆರು ವರ್ಷ. 1567ರಲ್ಲಿ ಸರದಾರರು ಆಕೆಯನ್ನು ಪಟ್ಟದಿಂದ ಇಳಿಸಿದರು. ಮರುವರ್ಷ ಆಶ್ರಯ ಬೇಡಿ ಇಂಗ್ಲೆಂಡಿಗೆ ಓಡಿಬಂದಳು. ಅಲ್ಲಿಯ ರಾಣಿ ಮೊದಲನೆಯ ಎಲಿಜಬೆತ್‌ಳಿಗೆ ಮೇರಿ ಸೋದರತ್ತೆಯ ಮೊಮ್ಮಗಳು. ಆದರೆ ಎಲಿಜಬೆತ್‌ಳಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ಸಿಂಹಾಸನ ನ್ಯಾಯವಾಗಿ ಮೇರಿಗೇ ಸೇರಬೇಕೆಂದು ಬಗೆದ ಕ್ಯಾಥೊಲಿಕರು ದೇಶದಲ್ಲಿ ಅನೇಕರಿದ್ದರು. ಆದ್ದರಿಂದ ಆಶ್ರಯ ಬೇಡಿದವಳಿಗೆ ದೊರೆತದ್ದು ಸೆರೆ. ಅದೂ ಹೆಚ್ಚುಕಡಿಮೆ ಹತ್ತೊಂಬತ್ತು ವರ್ಷ.

1569ರಲ್ಲಿ ಆಕೆಯನ್ನು ಟಟ್‌ಬರಿ ಕೋಟೆಗೆ ತಂದು ಷ್ರೂಸ್‌ಬರಿಯ ಅರ್ಲನ ಕಾವಲಿನಲ್ಲಿ ಇರಿಸಿದರು. ಅರ್ಲನ ಹೆಂಡತಿ ಬೆಸ್ ಕೂಡ ಸೂಜಿಯಲ್ಲಿ ನಿಪುಣೆ. ಸೆರೆಯಾಳೂ ಕಾವಲುಗಾರನ ಮಡದಿಯೂ ಒಂದೇ ಕೋಣೆಯಲ್ಲಿ ಕುಳಿತು ಕ್ಯಾನ್ವಾಸಿನ ಮೇಲೆ ಹೊಲಿಗೆ ಹಾಕತೊಡಗಿದರು.

ಕ್ಯಾನ್ವಾಸ್ ಎಂದರೆ ಜಾಳಾಗಿ ನೇಯ್ದ ಬಟ್ಟೆ. ನೂಲುಗಳ ನಡುವಿನ ಕಿಂಡಿ ಕಣ್ಣಿಗೆ ಕಾಣುತ್ತದೆ. ನೂಲುಗಳು ಕೂಡುವೆಡೆಯಲ್ಲೆಲ್ಲ ಓರೆಯಾಗಿ ಒಂದು ಎಳೆ ಹಾಯಿಸಿದರೆ ಅದು ಟೆಂಟ್ ಹೊಲಿಗೆ. ಅದರ ಮೇಲೆ ಎದುರು ಓರೆಯಲ್ಲಿ ಇನ್ನೊಂದು ಎಳೆ ಹಾಯಿಸಿದರೆ ಕತ್ತರಿ ಹೊಲಿಗೆ. ನಮ್ಮ ಧಾರವಾಡದ ಕಡೆಯ ಕಸೂತಿಯಲ್ಲಿ ಮೆಂತಿ ಎನ್ನುವುದೂ ಇದನ್ನೇ. ಕಲಿಯುವುದಕ್ಕೆ ಒಂದು ಮಧ್ಯಾಹ್ನ ಸಾಕು. ಕಷ್ಟವಿರುವುದು ತಾಳ್ಮೆಯಲ್ಲಿ. ಮೇಲಿನ ಎಳೆಗಳೆಲ್ಲ ಒಂದೇ ಕಡೆಗೆ ವಾಲಬೇಕು. ಬಿಗಿದೆಳೆದರೆ ಬಟ್ಟೆ ಸೊಟ್ಟಗಾಗುತ್ತದೆ, ಸಡಿಲ ಬಿಟ್ಟರೆ ಅಂದಗೆಡುತ್ತದೆ. ಅಂಗೈಯಗಲದ ಜಾಗ ತುಂಬುವುದಕ್ಕೂ ನೂರಾರು ಸಲ ಸೂಜಿ ಇಳಿದು ಏರಬೇಕು. ಅವಸರವಿದ್ದವರ ಕೆಲಸವಲ್ಲ ಇದು, ಮೇರಿಗೆ ಅವಸರವೆಲ್ಲಿತ್ತು?

ಅದೇ ವರ್ಷ ಆಕೆಯನ್ನು ಕಂಡ ನಿಕೊಲಸ್ ವೈಟ್ ಎಂಬ ಅಧಿಕಾರಿ, ಹೊರಗೆ ಕಾಲಿಡಲಾಗದ ದಿನಗಳಲ್ಲಿ ಹೊತ್ತು ಕಳೆಯುವುದು ಹೇಗೆಂದು ಕೇಳಿದ. ದಿನವೆಲ್ಲ ಸೂಜಿ ಹಿಡಿದಿರುತ್ತೇನೆ, ಬಣ್ಣಗಳ ವೈವಿಧ್ಯದಿಂದ ಬೇಸರ ತಿಳಿಯುವುದಿಲ್ಲ, ನೋವು ತಡೆಯಲಾರದೆ ಹೋದಾಗ ಕೆಳಗಿಡುತ್ತೇನೆ ಎಂದಳಂತೆ. ಅರ್ಲನೂ ಲಂಡನ್ನಿಗೆ ಬರೆದ: ಮೇರಿ ನಿತ್ಯ ನನ್ನ ಹೆಂಡತಿಯ ಬಳಿ ಹೊಲಿಯುತ್ತಾಳೆ, ಆಡುವುದೆಲ್ಲ ಕ್ಷುಲ್ಲಕ ಮಾತು, ಒಳಸಂಚಿನ ಸುಳಿವೇ ಇಲ್ಲ.

ಅರ್ಲ್ ಮಾತಿಗೆ ಕಿವಿಗೊಟ್ಟ, ಬಟ್ಟೆಯನ್ನು ಓದಲಿಲ್ಲ. ಮೇರಿಯನ್ನು ಮದುವೆಯಾಗುವ ಹವಣಿಕೆಯಲ್ಲಿದ್ದ ನಾರ್ಫೋಕಿನ ಡ್ಯೂಕನಿಗೆ ಆಕೆಯಿಂದ ಒಂದು ದಿಂಬು ಕಾಣಿಕೆಯಾಗಿ ಹೋಯಿತು. ಮೋಡದಿಂದ ಇಳಿದ ಕೈಯೊಂದು ಬಾಗಿದ ಕತ್ತಿ ಹಿಡಿದು ದ್ರಾಕ್ಷಿಯ ಬಳ್ಳಿಯನ್ನು ಸವರುತ್ತಿದೆ. ಗಾಯದಿಂದಲೇ ಗುಣ ಚಿಗುರುತ್ತದೆಂಬ ಅರ್ಥದ ಲ್ಯಾಟಿನ್ ಮಾತು ಜೊತೆಗಿದೆ. ಮೇಲುನೋಟಕ್ಕೆ ನೀತಿಪಾಠ. ಆದರೆ ಕಾಯಿಬಿಡದ ಕೊಂಬೆ ಯಾರು, ಫಲ ಬಿಟ್ಟ ಕೊಂಬೆ ಯಾರು? ಮೇರಿಗೆ 1566ರಲ್ಲೇ ಗಂಡುಮಗು ಹುಟ್ಟಿತ್ತು. ಡ್ಯೂಕನ ಒಳಸಂಚು ಬಯಲಾಗಿ ವಿಚಾರಣೆ ನಡೆದಾಗ ಈ ದಿಂಬಿನ ಪ್ರಸ್ತಾಪವೂ ಬಂತು. 1572ರಲ್ಲಿ ಆತನ ತಲೆ ಹೋಯಿತು.

ಸೂಜಿ ಮಾತ್ರ ನಿಲ್ಲಲಿಲ್ಲ. 1574ರಲ್ಲಿ ಕೆಂಪು ಸ್ಯಾಟಿನ್ನಿನ ಲಂಗವೊಂದನ್ನು ಬೆಳ್ಳಿಯ ದಾರದಿಂದ ಸಿಂಗರಿಸಿ ಎಲಿಜಬೆತ್‌ಳಿಗೇ ಕಳಿಸಿದಳು. ರಾಣಿ ಮೆಚ್ಚಿ ಸ್ವೀಕರಿಸಿದಳು. ಬಿಡುಗಡೆ ಮಾತ್ರ ಬರಲಿಲ್ಲ. ಕಾನ್ರಾಡ್ ಗೆಸ್ನರನ ಪ್ರಾಣಿಗ್ರಂಥದ ಚಿತ್ರಗಳನ್ನೂ ಕ್ಯಾನ್ವಾಸಿಗೆ ಇಳಿಸಿಕೊಂಡು ಹೊಲಿದಳು. ಅವುಗಳಲ್ಲೊಂದು ಕೆಂಚು ಬೆಕ್ಕು, ಎದುರಿಗೆ ಇಲಿ. ಎಲಿಜಬೆತ್‌ಳ ಕೂದಲು ಕೆಂಪೆಂದು ಬಲ್ಲವರಿಗೆ ವಿವರಣೆ ಬೇಕಾಗಲಿಲ್ಲ.

ಕೊನೆಗೆ ಆಕೆಗೆ ಮುಳುವಾದದ್ದು ಲೇಖನಿ. 1586ರಲ್ಲಿ ಬಿಯರ್ ಪೀಪಾಯಿಯಲ್ಲಿ ಅಡಗಿಸಿ ಸಾಗಿಸಿದ ಗುಪ್ತಲಿಪಿಯ ಪತ್ರಗಳನ್ನು ಎಲಿಜಬೆತ್‌ಳ ಬೇಹುಗಾರರು ಬಿಡಿಸಿ ಓದಿದರು. 1587ರ ಫೆಬ್ರವರಿ 8ರಂದು ಫಾದರಿಂಗ್‌ಹೇ ಕೋಟೆಯಲ್ಲಿ ಮೇರಿಯ ಶಿರಚ್ಛೇದವಾಯಿತು.

ಹದಿನಾರು ವರ್ಷಗಳ ತರುವಾಯ, 1603ರಲ್ಲಿ, ಎಲಿಜಬೆತ್ ಮಕ್ಕಳಿಲ್ಲದೆ ಕಣ್ಣುಮುಚ್ಚಿದಳು. ಇಂಗ್ಲೆಂಡಿನ ಸಿಂಹಾಸನವನ್ನೇರಿದವನು ಮೇರಿಯ ಮಗ ಜೇಮ್ಸ್. ಮೇರಿ ಮತ್ತು ಬೆಸ್ಸರ ಕೈಯ ಅನೇಕ ತುಂಡುಗಳು ಹಸಿರು ಮಖಮಲ್ಲಿನ ತೆರೆಗಳ ಮೇಲೆ ಕೂಡಿಕೊಂಡು, ಆಕ್ಸ್‌ಬರೋ ಹಾಲ್ ಎಂಬ ಮನೆಯ ಹೆಸರಿನಿಂದ ಇಂದಿಗೂ ಪ್ರಸಿದ್ಧವಾಗಿವೆ. ಅವುಗಳ ನಡುವೆ ಆ ಬಳ್ಳಿಯೂ ಇದೆ, ಮೋಡದಿಂದ ಇಳಿದ ಕೈಯೂ ಇದೆ.