ಹುಲಿಗಳನ್ನು ಎಣಿಸಿದ ಬಗೆ

ಕಾಡಿನಲ್ಲಿ ಹುಲಿಗಳೆಷ್ಟು ಎಂಬ ಪ್ರಶ್ನೆಗೆ ನಮ್ಮ ದೇಶ ಬಹುಕಾಲ ನೆಲ ನೋಡಿ ಉತ್ತರ ಹೇಳಿತು. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ 1966ರಲ್ಲಿ ರೂಪಿಸಿದ ಕ್ರಮವದು. ಹೆಜ್ಜೆಗುರುತಿನ ಮೇಲೆ ಗಾಜಿಟ್ಟು ಅದರ ಆಕಾರವನ್ನು ಬರೆದುಕೊಂಡು, ಯಾವುದು ಯಾವ ಹುಲಿಯದೆಂದು ಬೇರ್ಪಡಿಸುವುದು. 1972ರಲ್ಲಿ ಹೀಗೆ ದೊರೆತ ಅಂಕಿ 1827. ಆ ಎಚ್ಚರಿಕೆಯ ಬೆನ್ನಿಗೇ, 1973ರಲ್ಲಿ, ಹುಲಿ ಯೋಜನೆ ಆರಂಭವಾಯಿತು; ಆ ಉಪಕಾರವನ್ನು ಮರೆಯಲಾಗದು. ಆದರೆ ಒಂದೇ ಹುಲಿಯ ಹೆಜ್ಜೆ ಮರಳಿನಲ್ಲಿ ಒಂದು ಬಗೆ, ಕೆಸರಿನಲ್ಲಿ ಮತ್ತೊಂದು ಬಗೆ ಮೂಡುತ್ತದೆ. ಮೇಲಾಗಿ ಯಾರ ಕಣ್ಣಿಗೂ ಬೀಳದ ಹುಲಿಗೆ ಆ ಲೆಕ್ಕದಲ್ಲಿ ಸ್ಥಾನವೇ ಇರಲಿಲ್ಲ.

ಹುಲಿ ತಾನಾಗಿ ತನ್ನ ಚಿತ್ರ ತೆಗೆಸಿಕೊಳ್ಳುವ ಉಪಾಯ ಹೊಸದಲ್ಲ. ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ 1920ರ ದಶಕದಲ್ಲೇ ಕಾಡುದಾರಿಗೆ ತಂತಿ ಕಟ್ಟಿ ಅದನ್ನು ಸಾಧಿಸಿದ್ದರು. ಆ ಚಿತ್ರವನ್ನು ಗಣಿತಕ್ಕೆ ಜೋಡಿಸಿದವರು ಡಾ. ಉಲ್ಲಾಸ ಕಾರಂತರು, 1990ರ ದಶಕದಲ್ಲಿ, ನಮ್ಮ ನಾಗರಹೊಳೆಯಲ್ಲಿ. ಶಿವರಾಮ ಕಾರಂತರ ಈ ಮಗ ಮೊದಲು ಓದಿದ್ದು ಎಂಜಿನಿಯರಿಂಗ್ ಎಂಬುದು ನನಗೆ ಅರ್ಥಪೂರ್ಣವಾಗಿ ತೋರುತ್ತದೆ. ಹುಲಿಯ ಪಟ್ಟೆಗಳು ನಮ್ಮ ಬೆರಳಚ್ಚಿನಂತೆ, ಒಂದರಂತೆ ಇನ್ನೊಂದಿಲ್ಲ. ಎಡಮೈಯ ಪಟ್ಟೆಗೂ ಬಲಮೈಯ ಪಟ್ಟೆಗೂ ಹೋಲಿಕೆಯಿಲ್ಲ. ಆದ್ದರಿಂದ ದಾರಿಯ ಎರಡೂ ಬದಿಗಳಲ್ಲಿ ಕ್ಯಾಮೆರಾ ಇಡಬೇಕಾಯಿತು.

ಗಣಿತ ಮೀನುಗಾರಿಕೆಯಿಂದ ಬಂದದ್ದು. ಡೆನ್ಮಾರ್ಕಿನ ಪೀಟರ್ಸನ್ ಎಂಬ ವಿಜ್ಞಾನಿ 1890ರ ದಶಕದಲ್ಲಿ ಮೀನುಗಳಿಗೆ ಗುರುತು ಹಾಕಿ ನೀರಿಗೆ ಬಿಟ್ಟು ಮತ್ತೆ ಹಿಡಿಯುತ್ತಿದ್ದರು. ತರಗತಿಯಲ್ಲಿ ನೀವು ಮಾಡಿದ ಅನುಪಾತದ ಲೆಕ್ಕವನ್ನೇ ನೆನೆಯಿರಿ. ಮೊದಲ ಸುತ್ತಿನಲ್ಲಿ 10 ಹುಲಿಗಳ ಚಿತ್ರ ಸಿಕ್ಕಿತೆನ್ನಿ. ಎರಡನೆಯ ಸುತ್ತಿನಲ್ಲಿ 12 ಸಿಕ್ಕವು. ಅವುಗಳಲ್ಲಿ 6 ಹಳೆಯವು. ಎರಡನೆಯ ಸುತ್ತಿನಲ್ಲಿ ಅರ್ಧದಷ್ಟು ಮಾತ್ರ ಪರಿಚಿತವೆಂದರೆ, ಮೊದಲು ಕಂಡ 10 ಒಟ್ಟು ಹುಲಿಗಳ ಅರ್ಧವಿರಬೇಕು. ಕಾಡಿನಲ್ಲಿರುವುದು ಸುಮಾರು 20. ಚಿತ್ರಕ್ಕೆ ಸಿಕ್ಕವು 16; ಉಳಿದ ನಾಲ್ಕನ್ನು ನಾವು ಕಂಡೇ ಇಲ್ಲ! ನಿಜವಾದ ಲೆಕ್ಕ ಇಷ್ಟು ಸರಳವಲ್ಲ. ಎಲ್ಲ ಹುಲಿಗಳೂ ಸಮನಾಗಿ ಕ್ಯಾಮೆರಾದೆದುರು ಬರುವುದಿಲ್ಲ. ಎಣಿಕೆ ನಡೆದಿರುವಾಗ ಹುಟ್ಟು, ಸಾವು, ವಲಸೆಗಳು ಲೆಕ್ಕ ಕೆಡಿಸದಂತೆ ಕೆಲವೇ ವಾರಗಳಲ್ಲಿ ಕೆಲಸ ಮುಗಿಸಬೇಕು.

ಈ ವಿಧಾನವನ್ನು ಸರ್ಕಾರ ಬೇಗ ಒಪ್ಪಲಿಲ್ಲ. ಒಪ್ಪಿಸಿದ್ದು ರಾಜಸ್ಥಾನದ ಸರಿಸ್ಕಾ. 2004ರ ಸರ್ಕಾರಿ ಕಡತದಲ್ಲಿ ಅಲ್ಲಿ ಹುಲಿಗಳಿದ್ದವು. 2005ರಲ್ಲಿ ಹುಡುಕಿದರೆ ಒಂದೂ ಇರಲಿಲ್ಲ. ಕಳ್ಳಬೇಟೆಗಾರರು ಮುಗಿಸಿದ್ದರು, ಕಡತಕ್ಕೆ ಗೊತ್ತಾಗಿರಲಿಲ್ಲ. ಹೊಸ ಕ್ರಮದ 2006ರ ಎಣಿಕೆ 1411 ಎಂದಾಗ ದೇಶ ಬೆಚ್ಚಿತು. 2022ರ ಎಣಿಕೆಯಲ್ಲಿ ಅದು 3682. ಕರ್ನಾಟಕದ ಪಾಲು 563.

ಪತ್ರಿಕೆಗಳು ಅಚ್ಚು ಮಾಡುವುದು ನಡುವಿನ ಅಂಕಿಯನ್ನು. ವರದಿಯಲ್ಲಿರುವುದು 3167ರಿಂದ 3925ರವರೆಗಿನ ಅಂತರ. ಕ್ಯಾಮೆರಾ ಇಡದ ಕಾಡುಗಳಿಗೆ ಲೆಕ್ಕವನ್ನು ವಿಸ್ತರಿಸುವ ರೀತಿಯ ಬಗ್ಗೆ ಕಾರಂತರೇ ಆಕ್ಷೇಪ ಎತ್ತಿದ್ದಾರೆ, ಆ ವಾದ ಇನ್ನೂ ಮುಗಿದಿಲ್ಲ.